ಅಕ್ಟೋಬರ್ ಹದಿನೇಳರ ನಂತರದ ಫೈಲುಗಳು

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ, ಆಫೀಸು

ಇವತ್ತು ಮೂರು ಫೈಲು ಬಂದವು. ಎರಡು ಸರಿ. ಮೂರನೆಯದರಲ್ಲಿ ಔಷಧಿ ಚೀಟಿ ತುಂಬ à²¨à³€ à²¨à³€ ಅಂತ ಸಾಲು ಸಾಲು. ಕಳಿಸಿದ ಆಸ್ಪತ್ರೆಯ ಗುಮಾಸ್ತರಿಗೆ ಗಾಬರಿ. ಅಕ್ಷರವೆಲ್ಲ ಕುಲಗೆಟ್ಟು ಹೋಯಿತು ಮೇಡಂ, ಸಾವಿರ ಚೀಟಿ ಮತ್ತೆ ಟೈಪ್ ಮಾಡಬೇಕಾ ಅಂತ. ಏನೂ ಹೋಗಿಲ್ಲ ಅಂದೆ. ಬೈಟುಗಳೆಲ್ಲ ಒಳಗೆ ಭದ್ರವಾಗಿವೆ, ಅಕ್ಷರಕ್ಕೆ ನಂಬರು ಕೊಡುವ ಎನ್‌ಕೋಡಿಂಗ್ ಯುಟಿಎಫ್-8 ಅಂತ ತೆರೆಯುವಾಗ ಹೇಳಿಲ್ಲ ಅಷ್ಟೇ. ಎರಡು ನಿಮಿಷದಲ್ಲಿ ಸರಿ ಮಾಡಿ ಕಳಿಸಿದೆ. ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕು ಅಂದರು. ತೊಡಿಸಲಿ.

ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದೆ. ಹಸಿವಿಲ್ಲ ಅಂತಲ್ಲ. ತಿನ್ನಬೇಕು ಅನ್ನೋದು ನೆನಪಾಗಲಿಲ್ಲ.

ಮಾರ್ಚ್ 4, ಬುಧವಾರ. ಬೆಳಿಗ್ಗೆ 7

ಇವರು ಕೆಲಸಕ್ಕೆ ಹೊರಡುವ ಮುಂಚೆ ತಮ್ಮ ಅಮ್ಮನ ಫೈಲುಗಳ ವಿಷಯ ಎತ್ತಿದರು. ಲಿಫ್ಟ್ ರಿಪೇರಿಯ ಬ್ಯಾಗಿಗೆ ಸ್ಪ್ಯಾನರ್ ತುಂಬುತ್ತಾ, ನನ್ನ ಮುಖ ನೋಡದೆ. ಎಲ್ಲಾ ಪ್ರಿಂಟ್ ತೆಗೆದುಕೊಡು, ದಿನಾ ಎರಡು ಮೂರು ಪುಟ ಓದ್ತೀನಿ ಅಂದರು. ಸ್ವಲ್ಪ ತಡೆದು —

"ಅವತ್ತು ಬೆಳಿಗ್ಗೆ ಅಮ್ಮ ಏನಾದ್ರೂ ಟೈಪ್ ಮಾಡಿದ್ಲಾ?"

"ಹೂಂ. ಫೈಲಲ್ಲಿ ಇರತ್ತೆ."

ಅಷ್ಟೇ. ಇವರು ಬ್ಯಾಗ್ ಹೆಗಲಿಗೇರಿಸಿ ಹೋದರು.

ಅತ್ತೆಯ ಗಂಟಲಿನ ಆಪರೇಷನ್ ಆದದ್ದು ಹೋದ ಮೇ ತಿಂಗಳು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಮೂವತ್ತೆರಡು ವರ್ಷ ಟೈಪಿಸ್ಟ್ ಆಗಿದ್ದವರು, ಹತ್ತೂ ಬೆರಳಲ್ಲಿ ಹೊಡೆಯುವವರು. ಸ್ಲೇಟು ಬಳಪ ಕೊಟ್ಟರೆ ಮೂಗು ಮುರಿದರು. ಅದಕ್ಕೆ ನಾನೊಂದು ಚಿಕ್ಕ ಪ್ರೋಗ್ರಾಂ ಬರೆದೆ. ಟೈಪ್ ಮಾಡಿ ಎಂಟರ್ ಒತ್ತಿದರೆ ಸ್ಕ್ರೀನಿನ ತುಂಬ ದೊಡ್ಡ ಅಕ್ಷರ, ಜೊತೆಗೆ ಟಿಂಗ್ ಅಂತ ಗಂಟೆ. ಎರಡನೇ ದಿನವೇ ಹುಕುಂ ಬಂತು: "ಆಡಿದ್ದಕ್ಕೆಲ್ಲ ಕಾರ್ಬನ್ ಕಾಪಿ ಬೇಕು.  ನಾಳೆ ನೀವು ಅಂದಿಲ್ಲ ಅನ್ನಬಾರದು." ಆಡಿದ ಮಾತೆಲ್ಲ ದಿನಕ್ಕೊಂದು ಫೈಲಿನಲ್ಲಿ, ಸಮಯದ ಸಮೇತ, ಉಳಿಯುವ ಹಾಗೆ ಮಾಡಿದೆ. ಪೂರ್ಣವಿರಾಮ ಆದಮೇಲೆ ಎರಡು ಸ್ಪೇಸ್ ಬಿಡುವುದು ಅವರ ಹಳೇ ಅಭ್ಯಾಸ. ಫೈಲಿನಲ್ಲೂ ಹಾಗೇ ಇದೆ.

ಜೂನ್ ಎರಡರಿಂದ ಫೆಬ್ರವರಿ ಒಂಬತ್ತರವರೆಗೆ, ಅತ್ತೆ ಹೋದ ದಿನದವರೆಗೆ. ನಾಳೆ ಪ್ರಿಂಟ್ ತೆಗೆಯಬೇಕು.

ಮಾರ್ಚ್ 5, ಗುರುವಾರ. ಸಂಜೆ

ಜೂನ್ ಫೈಲು ತೆರೆದೆ. ಚೆನ್ನಾಗಿದೆ. ಓದುತ್ತಾ ಕೂರಬಾರದು ಅಂದುಕೊಂಡು ಓದಿದೆ. "ಇಂಜಿನಿಯರಮ್ಮ, ನಿನ್ನ ಸೂಪಿಗೆ ಉಪ್ಪು ಹಾಕೋ ಪ್ರೋಗ್ರಾಂ ಬರೆದಿಲ್ಲವಾ." ಜೂನ್ 11, 1.05. ಅವತ್ತು ಸಿಟ್ಟು ಬಂದಿತ್ತು ಅಂತ ನೆನಪು. ಇವತ್ತು ಏನೂ ಬರಲಿಲ್ಲ.

ಪರೀಕ್ಷೆಗೆ ಕೊನೆಯ ಫೈಲನ್ನೂ ತೆರೆದೆ.

11.42  ???? ????.

ಮೇಲಿನ ಸಾಲುಗಳೂ ಹಾಗೇ. ಎಲ್ಲ ಪ್ರಶ್ನೆ ಚಿಹ್ನೆ. ಓದುವ ರೀತಿ ತಪ್ಪಿರಬೇಕು. ಯುಟಿಎಫ್-8 ಅಂತ ತೆರೆದೆ, ಯುಟಿಎಫ್-16 ಅಂತ ತೆರೆದೆ, ಪಟ್ಟಿಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿದೆ. ಇವರು ಬಂದ ಸದ್ದಾಯಿತು. ಮುಚ್ಚಿಟ್ಟೆ.

ಮಾರ್ಚ್ 6, ಶುಕ್ರವಾರ. ಆಫೀಸು, ಊಟದ ಹೊತ್ತು

ಬೈಟುಗಳನ್ನೇ ನೋಡಿದೆ. 3F 3F 3F 3F. ಪ್ರಶ್ನೆ ಚಿಹ್ನೆಯ ನಂಬರೇ ಅದು. ಅಕ್ಷರ ಒಳಗೆ ಅಡಗಿ ಕೂತಿಲ್ಲ. ಬರೆಯುವಾಗಲೇ ಪ್ರಶ್ನೆ ಚಿಹ್ನೆ ಬರೆದಿದೆ.

ಒಂದೊಂದೇ ದಿನ ಹಿಂದಕ್ಕೆ ಹೋದೆ. ಫೆಬ್ರವರಿ, ಜನವರಿ, ಡಿಸೆಂಬರ್, ನವೆಂಬರ್. ಅಕ್ಟೋಬರ್ 17ರ ತನಕ ಹೀಗೇ. ಅಕ್ಟೋಬರ್ 16 ಚೆನ್ನಾಗಿದೆ.

ಅಕ್ಟೋಬರ್ 17 ಯಾವ ದಿನ ಅಂತ ಗೊತ್ತಾಯಿತು. ಕೈಕಾಲು ತಣ್ಣಗಾಗುತ್ತೆ ಅಂತಾರಲ್ಲ, ಹಾಗೇನೂ ಆಗಲಿಲ್ಲ. ಪಲ್ಯದ ಡಬ್ಬಿ ತೊಳೆದು, ಒರೆಸಿ, ಬ್ಯಾಗಿಗೆ ಹಾಕಿದೆ.

ಮಾರ್ಚ್ 10, ಮಂಗಳವಾರ. ಬೆಳಿಗ್ಗೆ, ಆಫೀಸು

ಬರೆದುಬಿಡುತ್ತೇನೆ. ಯಾರೂ ಓದಲ್ಲ.

ಹಳೇ ಲ್ಯಾಪ್‌ಟಾಪಿನ ಸ್ಕ್ರೀನು ಅಕ್ಟೋಬರಿನಲ್ಲಿ ಕೈಕೊಟ್ಟಿತು. ಇವರ ಕಂಪನಿಯಲ್ಲಿ ಮೂಲೆಗೆ ಹಾಕಿದ್ದ ಮಷೀನು ತಂದು ಪ್ರೋಗ್ರಾಂ ಅದಕ್ಕೆ ಹಾಕಿದೆವು. 17ರ ಬೆಳಿಗ್ಗೆ ನಾನು ಆಫೀಸಿಗೆ ಬಂದಮೇಲೆ ಇವರ ಫೋನು: ಅಮ್ಮ ಒಂದು ಮಾತು ಹೊಡೆದರೆ ಸಾಕು, ಪ್ರೋಗ್ರಾಂ ಬಿದ್ದುಹೋಗುತ್ತೆ. ಅತ್ತೆ ಆ ಕಡೆಯಿಂದ ಚಮಚದಲ್ಲಿ ಮೇಜು ಕುಟ್ಟುತ್ತಿರುವುದು ಕೇಳಿಸುತ್ತಿತ್ತು. ಇಲ್ಲಿಂದಲೇ ಆ ಮಷೀನಿನೊಳಗೆ ಹೋಗಿ ನೋಡಿದೆ. ಎನ್‌ಕೋಡಿಂಗ್ ಎರರ್. ಹಳೇ ಮಷೀನು ತಾನಾಗೇ ಯುಟಿಎಫ್-8ರಲ್ಲಿ ಬರೆಯುತ್ತಿತ್ತು, ಹೊಸದು ಇನ್ನೊಂದರಲ್ಲಿ. ಆ ಇನ್ನೊಂದರಲ್ಲಿ ನಮ್ಮ ಅಕ್ಷರಕ್ಕೆ ಜಾಗವೇ ಇಲ್ಲ. ಫೈಲು ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಇದು ಅಂತ ಒಂದು ಮಾತು ಸೇರಿಸಿದ್ದರೆ ಮುಗಿಯುತ್ತಿತ್ತು. ಮೀಟಿಂಗಿಗೆ ಕರೆಯುತ್ತಿದ್ದರು. ಆ ಸಾಲಿನಲ್ಲಿ ಎರರ್ಸ್ ಅಂತ ಹೊಡೆದೆ, ರಿಪ್ಲೇಸ್ ಅಂತ ಹೊಡೆದೆ. ಅಂದರೆ: ಬರೆಯಲಾಗದ ಅಕ್ಷರ ಬಂದರೆ ತಕರಾರು ಮಾಡಬೇಡ, ಅದರ ಬದಲು ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದಕ್ಕೆ ಹೋಗು.

ಪ್ರೋಗ್ರಾಂ ಮುಂದಕ್ಕೆ ಹೋಯಿತು. ಸ್ಕ್ರೀನಿನಲ್ಲಿ ಅಕ್ಷರ ಸರಿಯಾಗೇ ಬರುತ್ತಿತ್ತು, ಫೈಲಿಗೆ ಬರೆಯುವಾಗ ಮಾತ್ರ ಹೀಗೆ. ಸಂಜೆ ಸರಿ ಮಾಡೋಣ ಅಂತ ಅಂದುಕೊಂಡಿದ್ದೆ. ಎಷ್ಟು ಸಂಜೆಗಳು. ನೂರ ಹದಿನಾರು.

ಆಫೀಸಿನ ಗೋಡೆಗೆ ನಾನೇ ಅಂಟಿಸಿದ ಹಾಳೆ ಇದೆ. ಹೊಸಬರಿಗೆ. ಅದರಲ್ಲಿ ನಾಲ್ಕನೇ ಸಾಲು — ರಿಪ್ಲೇಸ್ ಬಳಸಬೇಡಿ, ಡೇಟಾ ಸಾಯುತ್ತದೆ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಬೇರೆ.

ಮಾರ್ಚ್ 11, ಬುಧವಾರ. ಆಫೀಸು

ಸೋಡಾಗ್ಲಾಸ್ ಹತ್ತಿರ ಕೇಳಿದೆ. ಪಕ್ಕದ ಸೀಟಿನ ಹಿರಿಯರು. ಕನ್ನಡಕದ ದೆಸೆಯಿಂದ ಆ ಹೆಸರು. ಸತ್ತ ಡಿಸ್ಕಿನಿಂದಲೂ ಫೈಲು ಎಬ್ಬಿಸುವವರು. ಗೆಳತಿಯೊಬ್ಬಳ ಫೈಲು ಅಂದೆ. ಹೊಟ್ಟೆಯಲ್ಲಿರುವುದನ್ನು ಹೇಳಲಾಗಲಿಲ್ಲ.

ಅವರು ಬೈಟುಗಳನ್ನು ಒಂದೇ ಸಲ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಕಲಸಿಹೋಗಿದ್ರೆ ಬಿಡಿಸಬಹುದಿತ್ತು ಕಣ್ರೀ. ಇದರೊಳಗೆ ಏನೂ ಇಲ್ಲ."

ಮಷೀನಿನ ಮೆಮೊರಿಯಲ್ಲಿ ಉಳಿದಿರಬಹುದಾ ಅಂದೆ. ಆಫ್ ಮಾಡಿಲ್ಲವಾ ಅಂತ ಕೇಳಿದರು. ಆಗಿತ್ತು. ಅವತ್ತು ಆಂಬುಲೆನ್ಸಿನವರು ಸ್ಟ್ರೆಚರಿಗೆ ಜಾಗ ಮಾಡಲು ಮೇಜು ಎಳೆದರು, ಪ್ಲಗ್ಗು ಕಿತ್ತುಬಂತು. ಇದನ್ನು ಅವರಿಗೆ ಹೇಳಲಿಲ್ಲ. ಹಾಗಾದರೆ ನಿಮ್ಮ ಗೆಳತಿ ಮತ್ತೆ ಟೈಪ್ ಮಾಡಿಕೊಳ್ಳಲಿ ಅಂದರು. ಸರಿ ಅಂದೆ.

ಮಾರ್ಚ್ 12, ಗುರುವಾರ. ಬೆಳಿಗ್ಗೆ 6.30

ಜೂನ್‌ನಿಂದ ಅಕ್ಟೋಬರ್ 16ರವರೆಗಿನದು ಪ್ರಿಂಟ್ ತೆಗೆದು ಇವರಿಗೆ ಕೊಟ್ಟೆ. ಮಿಕ್ಕಿದ್ದು ಜೋಡಿಸ್ತಾ ಇದೀನಿ, ಆಮೇಲೆ ಅಂದೆ. ಇವರು ಟೀ ಲೋಟ ಹಿಡಿದು ಬಾಲ್ಕನಿಯಲ್ಲಿ ಕೂತು ಓದುತ್ತಿದ್ದಾರೆ. ಆಗಾಗ ಒಬ್ಬರೇ ನಗುತ್ತಾರೆ. ಒಂದು ತಿಂಗಳಾಯಿತು ಆ ನಗು ಕೇಳಿ. ನನಗೂ ಓದಿ ಹೇಳಿದರು: "ನನ್ನ ಮಗ ಊರ ಲಿಫ್ಟೆಲ್ಲ ಮೇಲೆ ಕಳಿಸುತ್ತಾನೆ.  ತಾನು ಮಾತ್ರ ಕೆಳಗೇ ಇದ್ದಾನೆ." ಅದನ್ನು ಹೊಡೆದು ಅತ್ತೆ ಭುಜ ಕುಣಿಸಿ ನಕ್ಕಿದ್ದು ಇಬ್ಬರಿಗೂ ನೆನಪಿತ್ತು.

ಇನ್ನು ಹತ್ತು ದಿನಕ್ಕೆ ಮುಗಿಸ್ತೀನಿ, ಅಷ್ಟರಲ್ಲಿ ಉಳಿದದ್ದು ಕೊಡು ಅಂದರು. ಕೊನೇ ಪುಟ ಮೊದಲೇ ನೋಡಲ್ಲವಂತೆ. ಅದು ಕೊನೆಗೇ ಬರಲಿ ಅಂತ.

ಮಾರ್ಚ್ 14, ಶನಿವಾರ

ಒಂದು ಯೋಚನೆ ಬಂತು. ಒಂದು ಅಕ್ಷರಕ್ಕೆ ಒಂದು, ಕೊಂಬು ಗುಡಿಸು ದೀರ್ಘಕ್ಕೆ ಇನ್ನೊಂದು, ಹೀಗೆ ಲೆಕ್ಕವಾಗಿ ಪ್ರಶ್ನೆ ಚಿಹ್ನೆ ಬಿದ್ದಿದೆ. ಸ್ಪೇಸು ಉಳಿದಿದೆ. ಪೂರ್ಣವಿರಾಮ ಉಳಿದಿದೆ. ಗಂಟೆ ನಿಮಿಷ ಉಳಿದಿದೆ. ಪದದ ಉದ್ದ ಗೊತ್ತು ಅಂದಮೇಲೆ...

ಜೂನ್‌ನಿಂದ ಅಕ್ಟೋಬರ್‌ವರೆಗೆ ಅತ್ತೆ ಆಡಿದ ಎಲ್ಲ ವಾಕ್ಯ ಪಟ್ಟಿ ಮಾಡಿದೆ. ಅದೇ ಉದ್ದದ ಅದೇ ಜೋಡಣೆ ಎಲ್ಲಿ ಬಂದರೂ ಆ ವಾಕ್ಯ ತುಂಬುವ ಪ್ರೋಗ್ರಾಂ ಬರೆದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಊಟಕ್ಕೆ ಬ್ರೆಡ್ಡು.

"?? ????." — ಟೀ ಬೇಕು. ದಿನಕ್ಕೆ ನಾಲ್ಕು ಸಲ, ಅದೇ ಹೊತ್ತಿಗೆ. ಇದು ತಪ್ಪಿರಲಿಕ್ಕೆ ಸಾಧ್ಯವೇ ಇಲ್ಲ. "????? ????." — ಕಿಟಕಿ ತೆಗೆ. ಹನ್ನೊಂದು ಪ್ರಶ್ನೆ ಚಿಹ್ನೆಯ ಪದ ಒಂದೇ, ಇಂಜಿನಿಯರಮ್ಮ. ಅರವತ್ತಮೂರು ಸಲ ಸಿಕ್ಕಿತು. ಅಷ್ಟು ಸಲ ಕರೆದಿದ್ದರು.

ಕೆಲಸ ಸಾಗುತ್ತಿದೆ ಅನ್ನಿಸಿತು. ಬಹಳ ದಿನದ ಮೇಲೆ ಏನೋ ಒಂದು ಅನ್ನಿಸಿದ್ದು.

ಮಾರ್ಚ್ 17, ಮಂಗಳವಾರ. ಸಂಜೆ 6

ಹತ್ತು ಸಾಲಿಗೆ ನಾಲ್ಕು ಸಿಗುತ್ತವೆ. ಸಿಗದೇ ಇದ್ದ ಸಾಲುಗಳನ್ನು ತೆಗೆದುಹಾಕಿದೆ. ಇವರು ಕೇಳಿದರೆ ಚಳಿಗಾಲದಲ್ಲಿ ಅತ್ತೆ ಕಡಿಮೆ ಆಡುತ್ತಿದ್ದರು ಅಂದರಾಯಿತು.

ಕೊನೆಯ ಸಾಲು ಮಾತ್ರ ಮುಟ್ಟಿಲ್ಲ. ನಾಲ್ಕು, ಒಂದು ಸ್ಪೇಸು, ನಾಲ್ಕು, ಪೂರ್ಣವಿರಾಮ. ಪಟ್ಟಿಯಲ್ಲಿ ಆ ಅಳತೆಯವು ಬೇಕಾದಷ್ಟಿವೆ.

ನೀನು ಹೋಗು.
ಫೋನು ಮಾಡು.
ಮಾತು ಸಾಕು.
ನೀರು ಕೊಡು.

ನೀರು ಕೊಡು. ಅದನ್ನು ಬರೆದಮೇಲೆ ಎದ್ದು ಅಡುಗೆಮನೆಗೆ ಹೋದೆ. ಯಾಕೆ ಹೋದೆ ಗೊತ್ತಾಗಲಿಲ್ಲ, ವಾಪಸ್ ಬಂದೆ.

ಮಾರ್ಚ್ 18, ಬುಧವಾರ. ಬೆಳಿಗ್ಗೆ

ಅವತ್ತಿನದನ್ನು ಒಂದು ಸಲ ಬರೆದಿಡಬೇಕು. ಫೆಬ್ರವರಿ 9, ಸೋಮವಾರ. ಇವರಿಗೆ ಊರಾಚೆಯ ಕಟ್ಟಡದಲ್ಲಿ ಲಿಫ್ಟ್ ಕೆಲಸ, ಫೋನು ಲಾಕರಿನಲ್ಲಿ. ನಾನು ಮನೆಯಿಂದಲೇ ಕೆಲಸ, ಪಕ್ಕದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನು. ಔಷಧಿ ಚೀಟಿಯ ಅಗಲ ಎಷ್ಟಿರಬೇಕು ಅಂತ ಆರು ಜನ ಒಂದು ಗಂಟೆ ಜಗ್ಗಾಡುತ್ತಿದ್ದೆವು. ಟಿಂಗ್ ಕೇಳಿಸಿತು. ಕೇಳಿಸಲಿಲ್ಲ ಅಂತ ಹೇಳಲಾರೆ. ಹೆಡ್‌ಫೋನಿನ ಒಂದು ಕಿವಿ ಎತ್ತಿ, ಬಂದೆ ಅತ್ತೆ, ಎರಡು ನಿಮಿಷ ಅಂತ ಕೂಗಿದೆ. ಹೋದದ್ದು ಹನ್ನೆರಡೂ ಐದಕ್ಕೆ. ಸ್ಕ್ರೀನು ತಾನಾಗೇ ಆರಿ ಕಪ್ಪಾಗಿತ್ತು. ಕುರ್ಚಿಯಲ್ಲಿ ತಲೆ ಒಂದು ಕಡೆ ವಾಲಿಸಿ ನಿದ್ದೆ ಹೋದಂತಿದ್ದರು. ಹೊದಿಕೆ ಸರಿ ಮಾಡಲು ಹೋದೆ, ಆಗ ಗೊತ್ತಾಯಿತು. ಕೈ ಇನ್ನೂ ಕೀಬೋರ್ಡಿನ ಮೇಲೇ ಇತ್ತು.

ಡಾಕ್ಟರು ಒಂದು ಕ್ಷಣದಲ್ಲಿ ಹೋಗಿರಬೇಕು, ನೋವಿರಲಿಲ್ಲ ಅಂದರು. ಇವರಿಗೂ ಅದನ್ನೇ ಹೇಳಿದ್ದೇನೆ. ಟಿಂಗ್ ವಿಷಯ ಹೇಳಿಲ್ಲ.

ಮಾರ್ಚ್ 20, ಶುಕ್ರವಾರ. ಮಧ್ಯಾಹ್ನ, ಆಫೀಸು

ಬೆಳಿಗ್ಗೆ ಇವರು ಅಕ್ಟೋಬರ್ 16 ಮುಗಿಸಿದರು. ಉಳಿದದ್ದು ಕೇಳಿದರು. ಜನವರಿ ಕೊನೆಯವರೆಗಿನ ಕಟ್ಟು ಕೊಟ್ಟೆ. ಹಿಡಿದು ನೋಡಿ, ಇಷ್ಟೇನಾ ಅಂದರು. ಹೂಂ ಅಂದೆ. ಫೆಬ್ರವರಿ ನಾಳೆ.

ಪಟ್ಟಿಯನ್ನು ಇನ್ನೊಂದು ಸಲ ಜಾಲಾಡಿದೆ. ಆಗಸ್ಟ್ 23ರಲ್ಲಿ ಒಂದು ಸಿಕ್ಕಿತು. ಇವರು ಬರುವುದು ತಡವಾಗಿ, ಊಟ ಮಾಡಿ ಅತ್ತೆ ಅಂತ ನಾನು ಹೇಳಿದ್ದಕ್ಕೆ ಅವರು ಹೊಡೆದದ್ದು. ಅವನು ಬರಲಿ. ನಾಲ್ಕು, ನಾಲ್ಕು, ಪೂರ್ಣವಿರಾಮ. ಅಳತೆ ಹೊಂದುತ್ತದೆ. ಅತ್ತೆಯದೇ ಮಾತು, ನಾನು ಹುಟ್ಟಿಸಿದ್ದಲ್ಲ.

ಕೊನೆಯ ಸಾಲಿನಲ್ಲಿ ಅದನ್ನು ಹಾಕಿದೆ. 11.42  ಅವನು ಬರಲಿ. ಪ್ರಿಂಟ್ ಕೊಟ್ಟೆ. ಪ್ರಿಂಟರಿನಿಂದ ಬಿಸಿಬಿಸಿ ಹಾಳೆ ಬಂತು. ಇವರು ಜೀವನಪೂರ್ತಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ ಇದನ್ನು. ಯಾರಿಗೇನು ನಷ್ಟ.

ಸೋಡಾಗ್ಲಾಸ್ ಹಿಂದೆ ನಿಂತಿದ್ದರು, ಅವರದೊಂದು ಪ್ರಿಂಟಿಗೆ. ನನ್ನ ಸ್ಕ್ರೀನಿನಲ್ಲಿ ಪಟ್ಟಿ ತೆರೆದೇ ಇತ್ತು. ಗೆಳತಿಯದಲ್ಲ ಅಂತ ಯಾವತ್ತೋ ಗೊತ್ತಾಗಿತ್ತೇನೋ. ಮೆಲ್ಲಗೆ ಅಂದರು —

"ಗೆಸ್ ಮಾಡಿದ್ದು ಅಂತ ಪಕ್ಕದಲ್ಲಿ ಬರೆದಿಡಿ. ಆಮೇಲೆ ನಿಮಗೇ ಯಾವುದು ನಿಜ ಅಂತ ಮರೆತುಹೋಗತ್ತೆ."

ಹಾಳೆ ಮಡಚಿ ಬ್ಯಾಗಿಗೆ ಹಾಕಿದೆ.

ಮಾರ್ಚ್ 21, ಶನಿವಾರ. ಬೆಳಿಗ್ಗೆ 9

ಇವರು ನಾನು ಕೊಟ್ಟ ಕಟ್ಟನ್ನು ಒಂದೇ ಸಲಕ್ಕೆ ಓದಿ ಮುಗಿಸಿದ್ದಾರೆ. ಓದುವುದಕ್ಕೇನಿತ್ತು. ನಗಲಿಲ್ಲ. ಲೋಟ ಹಾಗೇ ಇತ್ತು, ಟೀಗೆ ಕೆನೆ ಕಟ್ಟಿತ್ತು.

"ಅಮ್ಮ ಕೊನೆಕೊನೆಗೆ ಮಾತೇ ಬಿಟ್ಟಿದ್ಲಲ್ಲ" ಅಂದರು. "ಟೀ ಬೇಕು, ಕಿಟಕಿ ತೆಗೆ, ಕಿಟಕಿ ಹಾಕು. ಅಷ್ಟೇ. ಒಂದು ತಮಾಷೆ ಇಲ್ಲ. ನಾನು ಆಗ ದಿನಾ ಓವರ್‌ಟೈಮ್ ಮಾಡ್ತಿದ್ದೆ. ಅದಕ್ಕೇ ಇರಬೇಕು."

ಆಗ ಹೊಳೆಯಿತು ನಾನೇನು ಮಾಡಿದೆ ಅಂತ. ನನ್ನ ಪ್ರೋಗ್ರಾಂ ತುಂಬುವುದು ಮೊದಲೇ ಆಡಿದ ವಾಕ್ಯವನ್ನು. ಮೇಲಿಂದ ಮೇಲೆ ಆಡುವುದು ಟೀ, ಕಿಟಕಿ, ಮಾತ್ರೆ. ಒಂದೇ ಸಲ ಆಡಿದ ಮಾತು ಪಟ್ಟಿಯಲ್ಲಿ ಇರುವುದಿಲ್ಲ, ಅದು ಸಿಗುವುದೂ ಇಲ್ಲ. ಅತ್ತೆ ತಮಾಷೆಯನ್ನು ಯಾವತ್ತೂ ಎರಡು ಸಲ ಮಾಡಿದವರಲ್ಲ. ಆ ಚಳಿಗಾಲ ಪೂರ್ತಿ ಕಾಲೆಳೆದರು, ನನ್ನನ್ನು, ಡಾಕ್ಟರನ್ನು, ಕೆಳಗಿನ ಮನೆಯ ಪಿಟೀಲು ಕಲಿಯುವವನನ್ನು. ಎಲ್ಲ ಸಿಗದ ಸಾಲುಗಳು. ನಾನು ತೆಗೆದುಹಾಕಿದವು. ಟೀ ಕೇಳುವ ಮುದುಕಿಯೊಬ್ಬರನ್ನು ಮಾತ್ರ ಮಗನ ಕೈಗೆ ಕೊಟ್ಟಿದ್ದೇನೆ, ಇವರು ಅದು ತಮ್ಮ ತಪ್ಪು ಅಂದುಕೊಂಡು ಕೂತಿದ್ದಾರೆ.

ಬಾಯಿ ತೆರೆದೆ. ಇವರಿಗೆ ಫೋನು ಬಂತು — ಯಾವುದೋ ಕಟ್ಟಡದಲ್ಲಿ ಲಿಫ್ಟಿನೊಳಗೆ ಮೂರು ಜನ ಸಿಕ್ಕಿಕೊಂಡಿದ್ದಾರೆ. ಬ್ಯಾಗ್ ಎತ್ತಿಕೊಂಡು ಓಡಿದರು.

ಅದೇ ದಿನ, ಮಧ್ಯಾಹ್ನ 12

ಮಡಚಿಟ್ಟ ಹಾಳೆಯನ್ನು ಹರಿದೆ. ನಾಲ್ಕು ಚೂರು, ಎಂಟು ಚೂರು.

ಪ್ರಶ್ನೆ ಚಿಹ್ನೆಗಳಿದ್ದ ಹಾಗೇ, ನೂರ ಹದಿನಾರು ದಿನವನ್ನೂ ಪ್ರಿಂಟ್ ತೆಗೆಯುತ್ತಿದ್ದೇನೆ. ಮನೆಯ ಪ್ರಿಂಟರು ನಿಧಾನ. ದಪ್ಪ ಆಗುತ್ತಿದೆ ಕಟ್ಟು. ಇಷ್ಟು ಮಾತಾಡಿದ್ದಾರೆ ಅನ್ನುವುದಾದರೂ ಗೊತ್ತಾಗಲಿ.

ಮಾರ್ಚ್ 22, ಭಾನುವಾರ. ಬೆಳಿಗ್ಗೆ 10.30

ಹೇಳಿದೆ. ಊಟದ ಮೇಜಿನ ಮೇಲೆ ಕಟ್ಟು ಇಟ್ಟು, ಅಕ್ಟೋಬರ್ 17ರಿಂದ ಶುರು ಮಾಡಿ. ಮೀಟಿಂಗು, ರಿಪ್ಲೇಸು, ಪಟ್ಟಿ, ತೆಗೆದುಹಾಕಿದ ಸಾಲು. ಅವನು ಬರಲಿ ಅಂತ ತುಂಬಿದ್ದು. ಹರಿದದ್ದು. ಧ್ವನಿ ಒಂದೇ ಸಮ ಇತ್ತು, ಆಫೀಸಿನಲ್ಲಿ ಯಾರದೋ ಫೈಲಿನ ರಿಪೋರ್ಟು ಕೊಡುವ ಹಾಗೆ. ಬೈಯಲಿ ಅಂತ ಕಾದೆ. ತಟ್ಟೆ ಎಸೆಯಲಿ.

ಇವರು ಪುಟ ತಿರುವುತ್ತಾ ಹೋದರು. ಒಂದು ಕಡೆ ಬೆರಳಿಟ್ಟು, ಇಲ್ಲಿ ಉದ್ದಕ್ಕೆ ಏನೋ ಹೇಳಿದಾಳೆ ನೋಡು ಅಂದರು. ಹನ್ನೊಂದು ಸಾಲಿತ್ತು. ಡಿಸೆಂಬರ್ 4. ಪಿಟೀಲಿನವನ ಬಗ್ಗೆ ಇರಬೇಕು ಅಂದೆ, ಅವತ್ತು ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ, ಏನು ಅಂತ ಮರೆತಿದೆ. ಹೌದಾ, ನಕ್ಕಿದ್ಯಾ ಅಂದರು. ಹೂಂ ಅಂದೆ. ಸ್ವಲ್ಪ ಹೊತ್ತು ಆ ಪುಟದ ಮೇಲೆ ಕೈ ಇಟ್ಟುಕೊಂಡೇ ಇದ್ದರು.

ಆಮೇಲೆ ಕೊನೆಯ ಪುಟ. ಟಿಂಗ್ ಅನ್ನೂ ಹೇಳಿದೆ. ಎರಡು ನಿಮಿಷ ಅಂದದ್ದು. ಹನ್ನೆರಡೂ ಐದು. ನೀರು ಕೊಡು ಅಂತಲೂ ಇರಬಹುದು, ನಿಮ್ಮ ವಿಷಯವೂ ಇರಬಹುದು, ಗೊತ್ತಾಗುವ ದಾರಿ ಇಲ್ಲ, ನಿಮ್ಮಮ್ಮ ನಿಮಗೆ ಹೇಳಿದ್ದನ್ನ ನಾನು ಕಳೆದುಬಿಟ್ಟೆ ಅಂದೆ.

ಇವರು 11.42 ಅನ್ನುವುದರ ಕೆಳಗೆ ಉಗುರಿನಿಂದ ಗೆರೆ ಎಳೆದರು.

"ನಾನು ಮನೇಲಿ ಇರಲಿಲ್ಲ" ಅಂದರು.

"ಗೊತ್ತು. ಅದಕ್ಕೇ..."

"ಅಮ್ಮನಿಗೂ ಗೊತ್ತಿತ್ತು ನಾನಿಲ್ಲ ಅಂತ. ಇದು ನನಗೆ ಹೇಳಿದ್ದಲ್ಲ. ನಿನಗೆ ಹೇಳಿದ್ದು."

ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಕೋಪದಲ್ಲಲ್ಲ. ವಿಳಾಸ ನೋಡಿ ಕಾಗದ ಕೊಡುವ ಹಾಗೆ. ಎದ್ದು ಬಾಲ್ಕನಿಗೆ ಹೋದರು, ಅಲ್ಲೇ ಇದ್ದಾರೆ.

ಅದೇ ದಿನ, 11.15

ಹಾಳೆ ಇಲ್ಲೇ ಇದೆ, ದಿನಚರಿಯ ಪಕ್ಕ. ಹದಿನೇಳು ದಿನ ಇವರ ಮಾತು ಅಂತ ಹುಡುಕಿದೆ. ಇವರಿಗೆ ಒಪ್ಪಿಸಬೇಕಾದ್ದು ಅಂತ. ನನ್ನದು ಅಂತ ಒಂದು ಸಲವೂ ಹೊಳೆಯಲಿಲ್ಲ. ಈಗ ಅಳು ಬರುತ್ತಿದೆ. ಇಷ್ಟು ದಿನ ಎಲ್ಲಿತ್ತೋ.

ನನಗೇ ಹೇಳಿದ್ದು. ಬೈದದ್ದಾದರೂ ಸರಿ, ನೀರು ಕೇಳಿದ್ದಾದರೂ ಸರಿ, ನನ್ನನ್ನೇ ಕರೆದು ಹೇಳಿದ್ದು.

ಅತ್ತೆ, ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಟಿಂಗ್ ಕೇಳಿಸಿತ್ತು.